ಸ್ವದೇಶದಲ್ಲೇ ಹೊರನಾಡಿನವರು: ರೀಟಾ ಮೊರೆನೊ ಮತ್ತು ನಾವು

1

ಸಿನಿಮಾ ನಟಿಯೊಬ್ಬರ ಬದುಕನ್ನು ಕುರಿತು ಇಂಥ ಪತ್ರಿಕೆಯಲ್ಲಿ ಬರೆಯುವುದು ವಾಡಿಕೆಯಲ್ಲ. ಗಡಿಯ ಪ್ರಶ್ನೆ, ಕನ್ನಡ ಶಾಲೆಗಳ ಅಳಿವು ಉಳಿವು, ಯಕ್ಷಗಾನ, ಹೊಸ ಪುಸ್ತಕಗಳ ವಿಮರ್ಶೆ, ಹೀಗೆ ನಮ್ಮ ಚರ್ಚೆಗೆ ಒಂದು ಪರಿಚಿತ ಆವರಣವಿದೆ. ಹಾಲಿವುಡ್ಡಿನ ನಟಿಯೊಬ್ಬರಿಗೂ ಹೊರನಾಡ ಕನ್ನಡಿಗರಾದ ನಮಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಉತ್ತರವಾಗಿ ಒಂದು ಸಂಗತಿಯನ್ನು ಮೊದಲಿಗೇ ಹೇಳಿಬಿಡುತ್ತೇನೆ. ರೀಟಾ ಮೊರೆನೊ ಅಮೆರಿಕೆಗೆ ವಲಸೆ ಬಂದ ವಿದೇಶೀಯರಲ್ಲ. ಅವರು ಹುಟ್ಟಿನಿಂದಲೇ ಅಮೆರಿಕೆಯ ಪ್ರಜೆ. ತನ್ನದೇ ದೇಶದ ಆಳ್ವಿಕೆಗೆ ಸೇರಿದ ಒಂದು ನೆಲದಿಂದ ಇನ್ನೊಂದು ನೆಲಕ್ಕೆ ಹೊಟ್ಟೆಪಾಡಿಗಾಗಿ ಹೋದ ತಾಯಿಯೊಬ್ಬಳ ಮಗಳು. ಹಾಗಿದ್ದೂ ಆ ದೇಶದ ಚಿತ್ರರಂಗ ಬಹುಕಾಲ ಅವರನ್ನು ಪರದೇಶಿಯೆಂದೇ ತೋರಿಸಿತು. ಸ್ವದೇಶದಲ್ಲೇ ಹೊರನಾಡಿನವರಾಗಿ ಬದುಕುವುದು ಎಂದರೇನೆಂಬುದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆಸಿರುವ ನಮಗೆ ಬೇರೆಯವರು ವಿವರಿಸಬೇಕಾಗಿಲ್ಲ.

ಪೋರ್ಟೊ ರಿಕೊ ಕೆರಿಬಿಯನ್ ಸಮುದ್ರದ ಒಂದು ದ್ವೀಪ. ನಾಲ್ಕು ಶತಮಾನ ಸ್ಪೇನಿನ ವಸಾಹತಾಗಿದ್ದ ಅದು 1898ರ ಯುದ್ಧದಲ್ಲಿ ಅಮೆರಿಕೆಯ ವಶವಾಯಿತು. 1917ರ ಕಾನೂನು ಅಲ್ಲಿನ ಜನಕ್ಕೆ ಅಮೆರಿಕೆಯ ಪೌರತ್ವ ನೀಡಿತು. ಆದರೆ ದ್ವೀಪದಲ್ಲಿರುವತನಕ ಅವರಿಗೆ ಅಮೆರಿಕೆಯ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ. ಭಾಷೆಯ ವಿಷಯದಲ್ಲಂತೂ ಆ ದ್ವೀಪದ ಚರಿತ್ರೆ ನಮ್ಮ ಶಿಕ್ಷಣ ಮಾಧ್ಯಮದ ವಿವಾದಗಳನ್ನು ನೆನಪಿಸುವಂತಿದೆ. ಸ್ಪ್ಯಾನಿಷ್ ಆಡುವ ಮಕ್ಕಳಿಗೆ ದಶಕಗಳ ಕಾಲ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳುವ ಪ್ರಯೋಗಗಳು ನಡೆದು, ಸೋತು, 1940ರ ದಶಕದ ಕೊನೆಯಲ್ಲಷ್ಟೇ ಸ್ಪ್ಯಾನಿಷ್ ಮತ್ತೆ ಕಲಿಕೆಯ ಮಾಧ್ಯಮವಾಯಿತು. 1991ರಲ್ಲಿ ಸ್ಪ್ಯಾನಿಷ್ ಒಂದನ್ನೇ ಆಡಳಿತ ಭಾಷೆಯೆಂದು ಸಾರುವ ಕಾನೂನು ಬಂತು. ಎರಡೇ ವರ್ಷಗಳಲ್ಲಿ, 1993ರಲ್ಲಿ, ಇಂಗ್ಲಿಷಿಗೂ ಆ ಸ್ಥಾನ ಮರಳಿ ದೊರೆಯಿತು. ಒಂದು ನುಡಿಯ ಜನ ಇನ್ನೊಂದು ನುಡಿಯ ಪ್ರಭುತ್ವದ ಕೆಳಗೆ ಬದುಕುವಾಗ ಇಂಥ ತೂಗಾಟಗಳು ತಪ್ಪಿದ್ದಲ್ಲ.

ನಮಗೂ ಅವರಿಗೂ ಇರುವ ವ್ಯತ್ಯಾಸವನ್ನೂ ಇಲ್ಲಿಯೇ ಗುರುತಿಸಬೇಕು. ನಮ್ಮದು ವಸಾಹತಲ್ಲ, ಸಮಾನ ರಾಜ್ಯಗಳ ಒಕ್ಕೂಟ. ಹೋದಲ್ಲೆಲ್ಲ ನಮಗೆ ಮತವಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲವಿರಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಶಾಲೆಗಳನ್ನು ನಡೆಸಿದೆ. ಪೋರ್ಟೊ ರಿಕೊದಿಂದ ನ್ಯೂಯಾರ್ಕಿಗೆ ಬಂದ ಮಗುವಿಗೆ ಇಂಥ ಯಾವ ಆಸರೆಯೂ ಇರಲಿಲ್ಲ. ಆದುದರಿಂದ ನಾನು ಇಲ್ಲಿ ಹೇಳಹೊರಟಿರುವುದು ಇಬ್ಬರ ಸ್ಥಿತಿಯೂ ಒಂದೇ ಎಂದಲ್ಲ. ನಮಗಿಂತ ಕಡಿಮೆ ಆಸರೆಯಿದ್ದ ಒಬ್ಬ ಹೆಣ್ಣುಮಗಳು ತನ್ನ ದನಿಯನ್ನು ಹೇಗೆ ಕಳೆದುಕೊಂಡಳು, ಹೇಗೆ ಮರಳಿ ಪಡೆದಳು ಎಂಬುದನ್ನು ನಾವು ಗಮನವಿಟ್ಟು ನೋಡಬೇಕು ಎಂದಷ್ಟೇ.

2

ರೋಸಾ ಡೊಲೊರೆಸ್ ಅಲ್ವೆರಿಯೊ ಹುಟ್ಟಿದ್ದು 1931ರ ಡಿಸೆಂಬರ್ 11ರಂದು, ದ್ವೀಪದ ಉಮಕಾವೊ ಊರಿನಲ್ಲಿ. ತಾಯಿ ಹೊಲಿಗೆಯವಳು, ತಂದೆ ಬೇಸಾಯಗಾರ. 1936ರಲ್ಲಿ ತಾಯಿ ಗಂಡನನ್ನು ಬಿಟ್ಟು, ಐದು ವರ್ಷದ ಮಗಳನ್ನು ಕರೆದುಕೊಂಡು ಹಡಗೇರಿ ನ್ಯೂಯಾರ್ಕಿಗೆ ಬಂದಳು. ಚಿಕ್ಕ ಮಗ ಊರಿನಲ್ಲೇ ಉಳಿದ. ವಲಸೆ ಎಂಬ ಶಬ್ದವನ್ನು ನಾವು ಸಮಾಜಶಾಸ್ತ್ರದ ಪರಿಭಾಷೆಯಂತೆ ಬಳಸುತ್ತೇವೆ. ಅದರೊಳಗೆ ಹೀಗೆ ಒಂದು ಮಗುವನ್ನು ಆರಿಸಿಕೊಂಡು ಇನ್ನೊಂದನ್ನು ಬಿಟ್ಟುಬಂದ ತಾಯಂದಿರಿರುತ್ತಾರೆ ಎಂಬುದನ್ನು ಮರೆಯುತ್ತೇವೆ.

ಇಂಗ್ಲಿಷಿನ ಗಂಧವಿಲ್ಲದೆ ಆ ಮಗು ನ್ಯೂಯಾರ್ಕಿನ ಶಾಲೆ ಸೇರಿತು. ನೃತ್ಯ ಕಲಿತದ್ದು ಪಾಕೊ ಕಾನ್ಸಿನೊ ಎಂಬ ಸ್ಪ್ಯಾನಿಷ್ ನರ್ತಕರಲ್ಲಿ. ಈ ಗುರುವಿನ ಸಹೋದರನ ಮಗಳೇ ಆ ಕಾಲದ ಮಹಾತಾರೆ ರೀಟಾ ಹೇವರ್ತ್. ಆಕೆಯ ನಿಜನಾಮ ಮಾರ್ಗರೀಟಾ ಕಾನ್ಸಿನೊ. ಹೆಸರು ಬದಲಿಸಿ, ಕೂದಲಿಗೆ ಬಣ್ಣ ಹಾಕಿಸಿ, ಹಣೆಯ ಕೂದಲಂಚನ್ನೇ ವಿದ್ಯುತ್ತಿನ ಚಿಕಿತ್ಸೆಯಿಂದ ಹಿಂದಕ್ಕೆ ಸರಿಸಿಕೊಂಡ ಮೇಲಷ್ಟೇ ಆಕೆ ಅಮೆರಿಕೆಯ ಕನಸಿನ ರಾಣಿಯಾದಳು. ಅಂದರೆ ಗುರುವಿನ ಮನೆತನದಲ್ಲೇ ಯಶಸ್ಸಿನ ಒಂದು ಮಾದರಿ ಸಿದ್ಧವಾಗಿತ್ತು: ಒಳಗೆ ಬರಬೇಕಾದರೆ ಹೊಸ್ತಿಲಲ್ಲಿ ಗುರುತನ್ನು ಬಿಚ್ಚಿಟ್ಟು ಬಾ.

ಹನ್ನೊಂದರ ಹರೆಯದಲ್ಲಿ ರೋಸಾ ಅಮೆರಿಕನ್ ಚಿತ್ರಗಳ ಸ್ಪ್ಯಾನಿಷ್ ಆವೃತ್ತಿಗಳಿಗೆ ದನಿ ಕೊಟ್ಟಳು. ಹದಿಮೂರರಲ್ಲಿ, 1945ರಲ್ಲಿ, ಬ್ರಾಡ್ವೇ ರಂಗಭೂಮಿಯ ಮೇಲೆ ಕಾಲಿಟ್ಟಳು. ಆಕೆಯ ಸಂಪಾದನೆಯ ಮೊದಲ ಬಂಡವಾಳ ಮಾತೃಭಾಷೆಯೇ ಆಗಿತ್ತು ಎಂಬುದು ಗಮನಾರ್ಹ. ಮುಂದಿನ ಹದಿನೈದು ವರ್ಷ ಅದೇ ಭಾಷೆ ಆಕೆಗೆ ಹೊರೆಯಾಯಿತು. ಎಂಜಿಎಂ ಸಂಸ್ಥೆಯ ದೊರೆ ಲೂಯಿ ಬಿ. ಮೇಯರ್ ಈ ಹುಡುಗಿಯನ್ನು ಕಂಡು, ಸ್ಪ್ಯಾನಿಷ್ ಎಲಿಜಬೆತ್ ಟೇಲರಿನಂತಿದ್ದಾಳೆಂದು ಮೆಚ್ಚಿ ಕರಾರು ಬರೆಸಿಕೊಂಡರಂತೆ. ಮೆಚ್ಚುಗೆಯ ಮಾತೇ. ಆದರೆ ಅದರಲ್ಲಿ ಇನ್ನೊಬ್ಬಳ ಪ್ರತಿಬಿಂಬವಾಗಿಯಲ್ಲದೆ ಈಕೆಗೆ ಸ್ವಂತದ ಮುಖವಿಲ್ಲ. ಮಲತಂದೆಯಿಂದ ಬಂದ ಮೊರೆನೊ ಎಂಬ ಅಡ್ಡಹೆಸರು ಉಳಿಯಿತು. ರೋಸೀಟಾ ಹೋಗಿ ರೀಟಾ ಬಂತು.

3

1950ರಿಂದ 1960ರವರೆಗಿನ ಅವರ ಪಾತ್ರಗಳನ್ನು ಸಾಲಾಗಿ ನೋಡಿದರೆ ಹಾಲಿವುಡ್ ಪ್ರಪಂಚವನ್ನು ಹೇಗೆ ವಿಂಗಡಿಸಿಕೊಂಡಿತ್ತು ಎಂಬುದು ಅರ್ಥವಾಗುತ್ತದೆ. ಒಂದು ಚಿತ್ರದಲ್ಲಿ ಅಮೆರಿಕೆಯ ಮೂಲನಿವಾಸಿಗಳ ಹುಡುಗಿ, ಇನ್ನೊಂದರಲ್ಲಿ ಪೆಸಿಫಿಕ್ ದ್ವೀಪದ ಕನ್ಯೆ, ಮತ್ತೊಂದರಲ್ಲಿ ಮೆಕ್ಸಿಕೋದವಳು. 1956ರ 'ದಿ ಕಿಂಗ್ ಅಂಡ್ ಐ' ಚಿತ್ರದಲ್ಲಿ ಸಯಾಮಿನ ಅರಸನಿಗೆ ಕಾಣಿಕೆಯಾಗಿ ಬಂದ ಬರ್ಮಾದ ಟುಪ್ಟಿಮ್. ಇವರೆಲ್ಲರೂ ಬರಿಗಾಲಿನವರು, ಕಣ್ಣರಳಿಸಿ ನೋಡುವವರು, ಬಿಳಿಯ ನಾಯಕನನ್ನು ಪ್ರೀತಿಸಿ ಕಳೆದುಕೊಳ್ಳುವವರು ಅಥವಾ ಸಾಯುವವರು. ಬರ್ಮಾದವಳಿಗೂ ಮೆಕ್ಸಿಕೋದವಳಿಗೂ ಮೂಲನಿವಾಸಿಗೂ ತಾನು ಒಂದೇ ಬಗೆಯ ಒಡಕು ಇಂಗ್ಲಿಷ್ ಉಚ್ಚಾರವನ್ನು ಬಳಸುತ್ತಿದ್ದೆ, ಯಾರೂ ಆಕ್ಷೇಪಿಸಲಿಲ್ಲ ಎಂದು ಮೊರೆನೊ ಅನೇಕ ಸಂದರ್ಶನಗಳಲ್ಲಿ ನಗುತ್ತ ಹೇಳಿದ್ದಾರೆ. ಆಕ್ಷೇಪಿಸುವವರಾದರೂ ಯಾರು? ನೋಡುವವರಿಗೆ ಅವರು ಬರ್ಮಾದವರೋ ಬೇರೆಯವರೋ ಎಂಬುದು ಮುಖ್ಯವಾಗಿರಲಿಲ್ಲ. ತಮ್ಮವರಲ್ಲ ಎಂಬುದಷ್ಟೇ ಮುಖ್ಯವಾಗಿತ್ತು. 1952ರ 'ಸಿಂಗಿಂಗ್ ಇನ್ ದಿ ರೇನ್' ಚಿತ್ರದ ಜೆಲ್ಡಾಳಂಥ ಸಣ್ಣ ಪಾತ್ರ ಈ ಸಾಲಿನಲ್ಲಿ ಅಪವಾದ. ಅಲ್ಲಿ ಅವರು ಕೇವಲ ಒಬ್ಬ ಹುಡುಗಿ.

ಈ ಒಂದೇ ಉಚ್ಚಾರದ ಸಂಗತಿಯನ್ನು ಓದುವಾಗ ನಮ್ಮಲ್ಲಿ ಅನೇಕರಿಗೆ ಹಿಂದಿ ಚಿತ್ರಗಳ 'ಮದ್ರಾಸಿ' ನೆನಪಾಗದಿರದು. 1968ರ 'ಪಡೋಸನ್' ಚಿತ್ರದಲ್ಲಿ ಮೆಹಮೂದ್ ಅಭಿನಯಿಸಿದ ಸಂಗೀತದ ಮೇಷ್ಟ್ರು ಅದ್ಭುತವಾದ ಹಾಸ್ಯಪಾತ್ರವೆಂಬುದರಲ್ಲಿ ಸಂದೇಹವಿಲ್ಲ. ನಾನೂ ನಕ್ಕಿದ್ದೇನೆ. ಆದರೆ ವಿಂಧ್ಯದ ದಕ್ಷಿಣಕ್ಕಿರುವ ನಾಲ್ಕೂ ಭಾಷೆಗಳ ಜನರನ್ನು ಒಂದೇ ಜುಟ್ಟು, ಒಂದೇ ಲುಂಗಿ, ಒಂದೇ 'ಅಯ್ಯಯ್ಯೋ'ಗಳಲ್ಲಿ ಕಟ್ಟಿಹಾಕಿದ ಪರಂಪರೆಗೆ ಅಂಥ ಪಾತ್ರಗಳ ಕೊಡುಗೆ ಸಣ್ಣದಲ್ಲ. ಮುಂಬಯಿಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಕಚೇರಿಯ ಸಹೋದ್ಯೋಗಿಯೊಬ್ಬರು ನಾನು ಹತ್ತಿರ ಬಂದಾಗಲೆಲ್ಲ ಆ ಪಾತ್ರದ ದನಿಯಲ್ಲೇ ಮಾತನಾಡಿಸುತ್ತಿದ್ದರು. ದ್ವೇಷವೇನೂ ಇರಲಿಲ್ಲ. ಅವರು ನನ್ನನ್ನು ಕಾಣುವ ಮೊದಲೇ ನನ್ನನ್ನು ಬಲ್ಲವರಾಗಿದ್ದರು, ಅಷ್ಟೇ. ಅಣಕು ಬೇಸರ ತರಿಸುವುದು ಅದರಲ್ಲಿರುವ ಅವಮಾನಕ್ಕಾಗಿ ಮಾತ್ರವಲ್ಲ. ನಮ್ಮನ್ನು ತಿಳಿಯಬೇಕಾದ ಅಗತ್ಯವನ್ನೇ ಅದು ಇಲ್ಲವಾಗಿಸುತ್ತದೆ ಎಂಬುದಕ್ಕಾಗಿ.

ಮೊರೆನೊ ಅವರ ಪಾಲಿಗೆ ಈ ಕಾಲದಲ್ಲಿ ಅಣಕಿಗಿಂತ ಕ್ರೂರವಾದುದೂ ನಡೆಯಿತು. ಎಳೆಯ ವಯಸ್ಸಿನಲ್ಲಿ ತನ್ನ ಏಜೆಂಟನೇ ತನ್ನ ಮೇಲೆ ಅತ್ಯಾಚಾರವೆಸಗಿದನೆಂದೂ, ಆ ನಂತರವೂ ಅವನನ್ನೇ ಏಜೆಂಟನಾಗಿ ಮುಂದುವರಿಸಿದೆನೆಂದೂ, ಏಕೆಂದರೆ ತನ್ನ ವೃತ್ತಿಗೆ ನೆರವಾಗುತ್ತಿದ್ದವನು ಆಗ ಅವನೊಬ್ಬನೇ ಎಂದೂ ಅವರು ವೃದ್ಧಾಪ್ಯದಲ್ಲಿ ಬಹಿರಂಗವಾಗಿ ಹೇಳಿದರು. ಒಂಟಿಯಾದ ಹೊರಗಿನವಳಿಗೆ ಎಷ್ಟು ಬಾಗಿಲುಗಳಿದ್ದವು ಎಂಬುದರ ಲೆಕ್ಕ ಈ ಒಂದು ಮಾತಿನಲ್ಲಿದೆ. ಮಾರ್ಲನ್ ಬ್ರಾಂಡೊ ಜೊತೆಗಿನ ಸುಮಾರು ಎಂಟು ವರ್ಷಗಳ ಸಂಬಂಧ ಆತ್ಮಹತ್ಯೆಯ ಯತ್ನದವರೆಗೆ ಒಯ್ದದ್ದನ್ನೂ ಅವರು 2013ರ ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ. ತಾರೆಯರ ಖಾಸಗಿ ಬದುಕನ್ನು ಕೆದಕುವ ಚಪಲ ನನಗಿಲ್ಲ. ಆದರೆ ತೆರೆಯ ಮೇಲೆ ಸದಾ ಶರಣಾಗುವ ಹುಡುಗಿಯ ಪಾತ್ರ ಮಾಡಿದವರಿಗೆ ತೆರೆಯ ಹೊರಗೂ ತಾನು ಯಾರಿಗೂ ಸಮಳಲ್ಲ ಎನಿಸಿದ್ದರೆ ಅದನ್ನು ಕೇವಲ ಖಾಸಗಿ ದೌರ್ಬಲ್ಯವೆಂದು ತಳ್ಳಿಹಾಕಲಾಗದು.

4

1961ರಲ್ಲಿ 'ವೆಸ್ಟ್ ಸೈಡ್ ಸ್ಟೋರಿ' ಬಂತು. ರೋಮಿಯೊ ಜೂಲಿಯೆಟ್ ಕಥೆಯನ್ನು ನ್ಯೂಯಾರ್ಕಿನ ಬೀದಿಗೆ ತಂದು, ಬಿಳಿಯ ಹುಡುಗರ ಮತ್ತು ಪೋರ್ಟೊ ರಿಕೊ ಹುಡುಗರ ಎರಡು ಗುಂಪುಗಳ ಕಾಳಗವನ್ನಾಗಿಸಿದ ಸಂಗೀತ ಚಿತ್ರ ಅದು. ರಂಗದ ಮೇಲೆ 1957ರಲ್ಲೇ ಜಯಭೇರಿ ಬಾರಿಸಿತ್ತು. ಚಿತ್ರದಲ್ಲಿ ನಾಯಕಿ ಮರಿಯಾಳ ಪಾತ್ರ ರಷ್ಯನ್ ವಲಸಿಗರ ಮಗಳಾದ ನಟಾಲಿ ವುಡ್ ಅವರಿಗೆ ಹೋಯಿತು. ಅವಳ ಅಣ್ಣ ಬರ್ನಾರ್ಡೊ ಆದವರು ಗ್ರೀಕ್ ಮೂಲದ ಜಾರ್ಜ್ ಚಕಿರಿಸ್. ಪ್ರಧಾನ ಪಾತ್ರಧಾರಿಗಳಲ್ಲಿ ನಿಜವಾಗಿ ಪೋರ್ಟೊ ರಿಕೊದಿಂದ ಬಂದವರು ಅನಿತಾ ಪಾತ್ರದ ಮೊರೆನೊ ಒಬ್ಬರೇ. ಅವರ ಮುಖಕ್ಕೂ ಗಾಢ ಕಂದು ಬಣ್ಣ ಬಳಿಯಲಾಯಿತು! ನಮ್ಮ ಜನರಲ್ಲಿ ಬೆಳ್ಳಗಿನವರಿಂದ ಕಪ್ಪನೆಯವರವರೆಗೆ ಎಲ್ಲ ಬಣ್ಣದವರೂ ಇದ್ದಾರೆ, ಎಲ್ಲರಿಗೂ ಒಂದೇ ಬಣ್ಣವೇಕೆ ಎಂದು ಅವರು ಕೇಳಿದಾಗ ಬಣ್ಣ ಹಚ್ಚುವಾತ, ನಿಮಗೇನು ಜನಾಂಗದ್ವೇಷವೇ ಎಂದು ತಿರುಗಿ ಕೇಳಿದನಂತೆ. ಪೋರ್ಟೊ ರಿಕೊದವಳು ಹೇಗಿರುತ್ತಾಳೆಂದು ಪೋರ್ಟೊ ರಿಕೊದವಳಿಗೇ ಕಲಿಸಿಕೊಟ್ಟ ಈ ಪ್ರಸಂಗಕ್ಕೆ ವ್ಯಾಖ್ಯಾನ ಬೇಕಿಲ್ಲ.

ಇನ್ನೊಂದು ಪ್ರಸಂಗ ಇದಕ್ಕಿಂತ ಕಡಿಮೆ ಪ್ರಸಿದ್ಧ, ಹೆಚ್ಚು ಮಹತ್ತ್ವದ್ದು. ನಾಟಕದಲ್ಲಿ ಅನಿತಾ ಹಾಡುವ ಹಾಡೊಂದರ ಸಾಲುಗಳು ಅವಳ ದ್ವೀಪವನ್ನು ಕುರೂಪವೆಂದೂ ರೋಗಗಳ ಬೀಡೆಂದೂ ಹೀಗಳೆಯುತ್ತಿದ್ದವು. ಬಹುಕಾಲ ಕಾದ ಪಾತ್ರ ಕೈಗೆ ಬಂದಿದ್ದರೂ ಈ ಸಾಲುಗಳನ್ನು ತನ್ನ ಬಾಯಿಂದ ಹಾಡುವುದು ಹೇಗೆಂದು, ಪಾತ್ರವನ್ನೇ ಬಿಡುವ ಯೋಚನೆ ಮೊರೆನೊ ಅವರಿಗೆ ಬಂದಿತ್ತು. ಚಿತ್ರಕ್ಕೆ ಬರುವಷ್ಟರಲ್ಲಿ ಸಾಲುಗಳು ಬದಲಾಗಿದ್ದವು. ಹೆಂಗಸರು ಅಮೆರಿಕೆಯ ಪರ, ಗಂಡಸರು ಅದರ ವಿರುದ್ಧ ವಾದಿಸುವ ಜುಗಲ್‌ಬಂದಿಯಾಗಿ ಹಾಡು ರೂಪುಗೊಂಡಿತು. ವಲಸಿಗರ ಒಳಗಿನ ನಿಜವಾದ ಜಗಳವೇ ಅದು. ಇಲ್ಲಿ ಫ್ರಿಜ್ಜಿದೆ ಎನ್ನುವವರೂ, ಬಾಡಿಗೆಮನೆ ಕೊಡುವವರಿಲ್ಲ ಎನ್ನುವವರೂ ಒಂದೇ ಮನೆಯಲ್ಲಿರುತ್ತಾರೆ. ನಮ್ಮ ಮನೆಗಳಲ್ಲೂ ಇದ್ದಾರೆ.

ಚಿತ್ರಕ್ಕೆ ಹತ್ತು ಆಸ್ಕರ್ ಪ್ರಶಸ್ತಿಗಳು ಬಂದವು. 1962ರ ಏಪ್ರಿಲ್‌ನಲ್ಲಿ ಮೊರೆನೊ ಅತ್ಯುತ್ತಮ ಪೋಷಕ ನಟಿಯಾಗಿ ಆ ಪ್ರತಿಮೆಯನ್ನು ಪಡೆದರು. ಅಭಿನಯಕ್ಕಾಗಿ ಆಸ್ಕರ್ ಪಡೆದ ಮೊದಲ ಲ್ಯಾಟಿನ್ ಮೂಲದ ಹೆಣ್ಣುಮಗಳು ಅವರು. ವೇದಿಕೆಯಲ್ಲಿ ಅವರ ಭಾಷಣ ಕೆಲವೇ ಸೆಕೆಂಡುಗಳದ್ದು: ನಂಬಲಾಗುತ್ತಿಲ್ಲ ಎಂದಷ್ಟೇ ಹೇಳಿ ಇಳಿದುಬಂದರು.

ನಮ್ಮ ಸಂಘಗಳು ಬರೆಯುವ ಅಭಿನಂದನಾಪತ್ರವಾಗಿದ್ದರೆ ಕಥೆ ಇಲ್ಲಿಗೆ ಶುಭಂ ಆಗುತ್ತಿತ್ತು. ನನ್ನ ದೃಷ್ಟಿಯಲ್ಲಿ ಅವರ ಬದುಕಿನ ಅತ್ಯಂತ ಮುಖ್ಯ ಅಧ್ಯಾಯ ಶುರುವಾಗುವುದೇ ಇಲ್ಲಿಂದ. ಆಸ್ಕರ್ ಬಂದ ಮೇಲೆ ಅವರ ಬಾಗಿಲಿಗೆ ಬಂದ ಪಾತ್ರಗಳೆಲ್ಲ ಅನಿತಾಳ ಬಡಪಾಯಿ ತಂಗಿಯರು: ಮತ್ತೆ ಬೀದಿಗುಂಪಿನ ಕಥೆ, ಮತ್ತೆ ಗುಂಪಿನವನ ಪ್ರೇಯಸಿ, ಮತ್ತೆ ಅದೇ ಉಚ್ಚಾರ. ಅವರು ಒಲ್ಲೆನೆಂದರು. ಒಂದಲ್ಲ, ಎರಡಲ್ಲ, ಸುಮಾರು ಏಳು ವರ್ಷ ಹಾಲಿವುಡ್ಡಿನಿಂದ ದೂರವೇ ಉಳಿದರು. ಚಲನಚಿತ್ರದ ಅತ್ಯುನ್ನತ ಪ್ರಶಸ್ತಿಯನ್ನು ಮನೆಯಲ್ಲಿಟ್ಟುಕೊಂಡ ಮೂವತ್ತರ ಹರೆಯದ ನಟಿಗೆ ಏಳು ವರ್ಷವೆಂದರೆ ಎಷ್ಟೆಂಬುದನ್ನು ಊಹಿಸಿಕೊಳ್ಳಬೇಕು.

ಈ ನಿರಾಕರಣೆಯನ್ನು ವೀರಗಾಥೆಯಾಗಿಸುವುದೂ ಸಲ್ಲ. ಒಲ್ಲೆ ಎನ್ನಬೇಕಾದರೆ ಕಾಲೂರಲು ಎಲ್ಲಿಯಾದರೂ ಒಂದಿಷ್ಟು ನೆಲ ಬೇಕು. ಮೊರೆನೊ ಅವರಿಗೆ ಅದನ್ನು ಕೊಟ್ಟದ್ದು ರಂಗಭೂಮಿ. 1964ರಲ್ಲಿ ಲಂಡನ್ನಿನ ಸಂಗೀತ ನಾಟಕವೊಂದರಲ್ಲೂ, ಅದೇ ವರ್ಷ ನ್ಯೂಯಾರ್ಕಿನಲ್ಲಿ ಕಪ್ಪು ಜನರ ಶ್ರೇಷ್ಠ ನಾಟಕಕಾರ್ತಿ ಲೊರೇನ್ ಹ್ಯಾನ್ಸ್‌ಬೆರಿ ಅವರ ನಾಟಕದಲ್ಲೂ ಅಭಿನಯಿಸಿದರು. 1965ರಲ್ಲಿ ಹೃದ್ರೋಗ ವೈದ್ಯರೊಬ್ಬರನ್ನು ಮದುವೆಯಾದರು. 2010ರಲ್ಲಿ ಪತಿ ತೀರಿಕೊಳ್ಳುವವರೆಗೂ ಉಳಿದ ಆ ದಾಂಪತ್ಯವೂ ತನ್ನನ್ನು ಹಿಡಿತದಲ್ಲಿಟ್ಟಿತ್ತು ಎಂದು ಅವರು ಮುಂದೆ ಹೇಳಿಕೊಂಡರು. ಭದ್ರತೆಗೂ ಬೆಲೆ ಇರುತ್ತದೆ. ಹೀಗೆ ಅರೆ ಆಸರೆಗಳ ನಡುವೆಯೇ ಮನುಷ್ಯರು ಒಲ್ಲೆ ಎನ್ನುವುದನ್ನು ಕಲಿಯಬೇಕಾಗುತ್ತದೆ.

5

1970ರ ದಶಕದಲ್ಲಿ ಮೊರೆನೊ ಮಾಡಿದ ಎರಡು ಕೆಲಸಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಮೊದಲನೆಯದು 'ದಿ ಎಲೆಕ್ಟ್ರಿಕ್ ಕಂಪನಿ'. 1971ರಿಂದ 1977ರವರೆಗೆ ಅಮೆರಿಕೆಯ ಸಾರ್ವಜನಿಕ ದೂರದರ್ಶನದಲ್ಲಿ ಬಂದ ಈ ಕಾರ್ಯಕ್ರಮದ ಗುರಿ ಓದುವುದರಲ್ಲಿ ಹಿಂದುಳಿದ ಮಕ್ಕಳಿಗೆ ಆಟಪಾಟಗಳ ಮೂಲಕ ಅಕ್ಷರ ಕೂಡಿಸಲು ಕಲಿಸುವುದು. ಇಂಗ್ಲಿಷ್ ಬಾರದೆ ಶಾಲೆಯ ಮೂಲೆಯಲ್ಲಿ ಕೂತಿದ್ದ ಹುಡುಗಿ ಈಗ ದೇಶದ ಮಕ್ಕಳಿಗೆ ಇಂಗ್ಲಿಷ್ ಓದಲು ಹೇಳಿಕೊಡುವವಳಾದಳು. ಆ ಧ್ವನಿಮುದ್ರಿಕೆಗೆ 1972ರ ಗ್ರ್ಯಾಮಿ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಎರಡನೆಯದು 'ದಿ ರಿಟ್ಜ್' ನಾಟಕದ ಗೂಗಿ ಗೋಮೆಜ್. ಪ್ರತಿಭೆಯಿಲ್ಲದ, ಆದರೆ ತನಗೆ ಮಹಾಪ್ರತಿಭೆಯಿದೆಯೆಂದು ನಂಬಿದ, ಇಂಗ್ಲಿಷನ್ನು ಮುರಿದು ಮುಕ್ಕುವ ಪೋರ್ಟೊ ರಿಕೊ ಗಾಯಕಿಯ ಪಾತ್ರ. ಸ್ನೇಹಿತರ ಕೂಟಗಳಲ್ಲಿ ಮೊರೆನೊ ತಾವೇ ಕಟ್ಟಿ ಆಡುತ್ತಿದ್ದ ಈ ಪಾತ್ರವನ್ನು ಕಂಡು ನಾಟಕಕಾರ ಟೆರೆನ್ಸ್ ಮ್ಯಾಕ್ನ್ಯಾಲಿ ಅದನ್ನು ತಮ್ಮ ನಾಟಕಕ್ಕೆ ಸೇರಿಸಿಕೊಂಡರು. 1975ರಲ್ಲಿ ಅದಕ್ಕೆ ಟೋನಿ ಪ್ರಶಸ್ತಿ ಬಂತು. ಒಡಕು ಉಚ್ಚಾರದ ಪಾತ್ರಗಳನ್ನು ಒಲ್ಲೆನೆಂದವರು ಅದೇ ಉಚ್ಚಾರವನ್ನು ಹತ್ತುಪಟ್ಟು ಹಿಗ್ಗಿಸಿ ರಂಗದ ಮೇಲೆ ತಂದರಲ್ಲ, ಇದು ವಿರೋಧಾಭಾಸವಲ್ಲವೇ? ಅಲ್ಲವೆಂಬುದು ನನ್ನ ವಾದ. ಐವತ್ತರ ದಶಕದ ಉಚ್ಚಾರದಲ್ಲಿ ನಗು ಯಜಮಾನನದು. ಗೂಗಿಯ ಉಚ್ಚಾರದಲ್ಲಿ ನಗು ಆಡುವವಳದೇ. ಆ ಪಾತ್ರ ತನ್ನ ಒಡತಿಯಿಂದ ಹುಟ್ಟಿದ್ದು. ತನ್ನ ಹಿಂದಿನ ಇಪ್ಪತ್ತು ವರ್ಷಗಳನ್ನು, ಹಾಲಿವುಡ್ ತನ್ನಿಂದ ಮಾಡಿಸಿದ್ದನ್ನು, ಅವರು ಆಕೆಯ ಮೂಲಕ ಗೇಲಿ ಮಾಡಿದರು. ಬಯಲುಸೀಮೆಯ ಮಾತನ್ನು ಪೇಟೆಯ ನಟ ಅಣಕಿಸುವುದಕ್ಕೂ, ಆ ಸೀಮೆಯವನೇ ತನ್ನ ಮಾತಿನ ಸೊಗಸಿನಲ್ಲಿ ತನ್ನನ್ನೇ ಕಾಲೆಳೆದುಕೊಳ್ಳುವುದಕ್ಕೂ ಇರುವ ಅಂತರ ನಮಗೆ ಗೊತ್ತಿಲ್ಲದ್ದೇನಲ್ಲ.

1977ರಲ್ಲಿ 'ಮಪೆಟ್ ಶೋ' ಕಾರ್ಯಕ್ರಮಕ್ಕಾಗಿ ಎಮ್ಮಿ ಪ್ರಶಸ್ತಿಯೂ ಬಂದು, ಆಸ್ಕರ್, ಗ್ರ್ಯಾಮಿ, ಟೋನಿ, ಎಮ್ಮಿ ನಾಲ್ಕನ್ನೂ ಪಡೆದ ಮೂರನೆಯ ವ್ಯಕ್ತಿ ಅವರಾದರು. ಮುಂದೆ ಪ್ರಶಸ್ತಿಗಳು ಬರುತ್ತಲೇ ಹೋದವು: 2004ರಲ್ಲಿ ಅಧ್ಯಕ್ಷರ ಸ್ವಾತಂತ್ರ್ಯ ಪದಕ, 2015ರಲ್ಲಿ ಕೆನಡಿ ಸೆಂಟರ್ ಗೌರವ. ಪಟ್ಟಿಯನ್ನು ಬೆಳೆಸುವ ಇಚ್ಛೆ ನನಗಿಲ್ಲ. ಕಿರುತೆರೆಯ ಎರಡು ಪಾತ್ರಗಳನ್ನು ಮಾತ್ರ ಹೆಸರಿಸುತ್ತೇನೆ. 1997ರಿಂದ 2003ರವರೆಗಿನ 'ಆಜ್' ಧಾರಾವಾಹಿಯಲ್ಲಿ ಸೆರೆಮನೆಯ ಮನಶ್ಶಾಸ್ತ್ರಜ್ಞೆಯಾದ ಸನ್ಯಾಸಿನಿ. ಅಲ್ಲಿ ಉಚ್ಚಾರವಾಗಲಿ ಕುಲವಾಗಲಿ ಪಾತ್ರದ ಬಂಡವಾಳವಲ್ಲ, ಬುದ್ಧಿ ಮತ್ತು ಕರುಣೆ. 2017ರಿಂದ 2020ರವರೆಗಿನ 'ಒನ್ ಡೇ ಅಟ್ ಎ ಟೈಮ್' ಧಾರಾವಾಹಿಯಲ್ಲಿ ಕ್ಯೂಬಾದಿಂದ ಬಂದ ಅಜ್ಜಿ. ಅಲ್ಲಿ ಉಚ್ಚಾರ ಇದೆ, ಗಾಢವಾಗಿಯೇ ಇದೆ. ಆದರೆ ಮನೆ ಅವಳದು, ಮಾತು ಅವಳದು, ಮೊಮ್ಮಕ್ಕಳೇ ಅವಳ ನುಡಿಗೆ ಕಿವಿಗೊಡಬೇಕು. ಉಚ್ಚಾರ ಇರುವುದೂ ಇಲ್ಲದಿರುವುದೂ ಪ್ರಶ್ನೆಯಲ್ಲ. ಅದನ್ನು ಆರಿಸಿಕೊಂಡವರು ಯಾರು ಎಂಬುದೇ ಪ್ರಶ್ನೆ.

6

ಮೊರೆನೊ ತಮ್ಮ ಹೋರಾಟವನ್ನು ತಮ್ಮ ಜನರಿಗಷ್ಟೇ ಸೀಮಿತಗೊಳಿಸಲಿಲ್ಲ. 1963ರ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಅವರಿದ್ದರು. ಆದರೂ 2021ರಲ್ಲಿ ಅವರು ತಮ್ಮವರ ಟೀಕೆಗೇ ಗುರಿಯಾಗಬೇಕಾಯಿತು. ನ್ಯೂಯಾರ್ಕಿನ ಲ್ಯಾಟಿನ್ ಬಡಾವಣೆಯ ಕಥೆಯಾದ 'ಇನ್ ದಿ ಹೈಟ್ಸ್' ಚಿತ್ರದ ಪ್ರಧಾನ ಪಾತ್ರಗಳಲ್ಲಿ ಕಪ್ಪು ಬಣ್ಣದ ಲ್ಯಾಟಿನ್ ಜನರಿಗೆ ಸ್ಥಾನ ಸಿಗಲಿಲ್ಲವೆಂಬ ಆಕ್ಷೇಪ ಎದ್ದಿತ್ತು. ಅದರ ನಿರ್ಮಾತೃ ಲಿನ್ ಮ್ಯಾನುಯೆಲ್ ಮಿರಾಂಡಾ ಅವರ ಪರವಾಗಿ ಮಾತನಾಡುತ್ತ ಮೊರೆನೊ, ಸ್ವಲ್ಪ ಕಾಯಬಾರದೇ ಎಂಬರ್ಥದ ಮಾತಾಡಿದರು. ಟೀಕೆ ಬಂತು. ಮರುದಿನವೇ ಅವರು ಕ್ಷಮೆ ಕೇಳಿದರು. ಎಲ್ಲರಿಗೂ ಒಂದೇ ಬಣ್ಣ ಏಕೆಂದು 1961ರ ಚಿತ್ರದ ವೇಳೆ ಕೇಳಿದವರಿಗೇ, ತಮ್ಮವರೊಳಗಿನ ಬಣ್ಣದ ಶ್ರೇಣಿ ಅರವತ್ತು ವರ್ಷಗಳ ನಂತರ ತಟ್ಟನೆ ಕಾಣಲಿಲ್ಲ. ಇದನ್ನು ನಾನು ಅವರ ದೋಷವೆಂದು ಎತ್ತಿ ತೋರಿಸುತ್ತಿಲ್ಲ. ಹೊರಗಿನ ಅವಮಾನವನ್ನು ಉಂಡ ಸಮುದಾಯವೂ ಒಳಗೆ ತನ್ನದೇ ಅವಮಾನಗಳನ್ನು ಉತ್ಪಾದಿಸುತ್ತಿರುತ್ತದೆ, ಬಾಗಿಲಲ್ಲಿ ತಡೆದವರ ಮೇಲಿನ ಸಿಟ್ಟಿನಲ್ಲಿ ಮನೆಯೊಳಗೆ ಯಾರು ನಿಂತೇ ಇದ್ದಾರೆಂಬುದು ಕಾಣುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಈ ಮಾತು ನಮಗೂ ಸಲ್ಲುತ್ತದೆ. ನಮ್ಮ ಹೊರನಾಡ ಸಂಘಗಳ ವೇದಿಕೆಯ ಮೇಲೆ ಯಾವ ಕನ್ನಡ ಕೇಳಿಸುತ್ತದೆ? ಮುಂಬಯಿಯ ಕನ್ನಡ ಬದುಕನ್ನು ಕಟ್ಟಿದವರಲ್ಲಿ ಹೋಟೆಲುಗಳಲ್ಲಿ ಲೋಟ ತೊಳೆದು ರಾತ್ರಿಶಾಲೆಗಳಲ್ಲಿ ಓದಿದ ಹುಡುಗರು ದೊಡ್ಡ ಸಂಖ್ಯೆಯವರು. ಕಟ್ಟಡ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಗುಲಬರ್ಗಾ, ವಿಜಾಪುರದ ಕಡೆಯಿಂದ ಬಂದವರ ಕನ್ನಡವೂ ಈ ಮಹಾನಗರಗಳಲ್ಲಿದೆ. ರಾಜ್ಯೋತ್ಸವದ ದಿನ ಅವರಲ್ಲಿ ಎಷ್ಟು ಮಂದಿಗೆ ಕುರ್ಚಿ ಸಿಗುತ್ತದೆ? ನಮ್ಮ ವಾರ್ಷಿಕೋತ್ಸವದ ಹಾಸ್ಯನಾಟಕಗಳಲ್ಲಿ ಮರಾಠಿ ಮನೆಗೆಲಸದವಳು, ಉತ್ತರದ ಹಾಲಿನ ಭಯ್ಯಾ ಯಾವ ದನಿಯಲ್ಲಿ ಮಾತಾಡುತ್ತಾರೆ? 'ಪಡೋಸನ್' ಬಗ್ಗೆ ದೂರುವ ಹಕ್ಕು ನಮಗಿದೆ, ನಿಜ. ಆದರೆ ಆ ಹಕ್ಕು ಗಟ್ಟಿಯಾಗುವುದು ನಮ್ಮದೇ ರಂಗದ ಮೇಲಿನ ಅಣಕನ್ನು ನಾವು ನಿಲ್ಲಿಸಿದಾಗ.

ಸಾಧಕರನ್ನು ಕುರಿತ ನಮ್ಮ ಧೋರಣೆಯ ಬಗ್ಗೆಯೂ ಒಂದು ಮಾತು. ಹೊರಗಿನವರ ಮುದ್ರೆ ಬಿದ್ದ ಮೇಲೆ ನಮ್ಮವರೆಂದು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಡುವುದರಲ್ಲಿ ನಾವು ನಿಷ್ಣಾತರು. ಮೊರೆನೊ ಅವರಂಥವರಿಗೆ ನೆರವು ಬೇಕಾದದ್ದು 1962ರ ಆಸ್ಕರ್ ರಾತ್ರಿಯಲ್ಲಲ್ಲ. ಅದರ ನಂತರದ ಏಳು ವರ್ಷಗಳಲ್ಲಿ. ಒಲ್ಲೆ ಎಂದವರ ಕಾಲ ಕೆಳಗಿನ ನೆಲವಾಗಿ ನಿಲ್ಲುವುದು ಸಮುದಾಯದ ನಿಜವಾದ ಕೆಲಸ. ಹೆಸರು ಬದಲಿಸಲೊಲ್ಲದ ಯುವಕ, ಕನ್ನಡದಲ್ಲೇ ಬರೆಯುತ್ತೇನೆಂದು ಹಟ ಹಿಡಿದ ನಗರದ ಹುಡುಗಿ, ಮಕ್ಕಳು ಕಡಿಮೆಯಾಗುತ್ತ ಬಂದರೂ ಕನ್ನಡ ಶಾಲೆಯನ್ನು ಬಿಡದ ಮೇಷ್ಟ್ರು, ಇವರಿಗೆ ನಮ್ಮ ಸಂಘಗಳು ಅಂಥ ನೆಲವಾಗಿವೆಯೇ?

7

2021ರ ಡಿಸೆಂಬರಿನಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ 'ವೆಸ್ಟ್ ಸೈಡ್ ಸ್ಟೋರಿ'ಯನ್ನು ಹೊಸದಾಗಿ ತೆರೆಗೆ ತಂದರು. ತೊಂಬತ್ತರ ಹೊಸ್ತಿಲಲ್ಲಿದ್ದ ಮೊರೆನೊ ಅದರಲ್ಲಿ ಅಂಗಡಿ ನಡೆಸುವ ವೃದ್ಧೆ ವ್ಯಾಲೆಂಟಿನಾ ಆಗಿ ಅಭಿನಯಿಸಿದರು, ನಿರ್ಮಾಣದಲ್ಲೂ ಪಾಲುಗೊಂಡರು. ಅನಿತಾ ಪಾತ್ರ ಮಾಡಿದ ಅರಿಯಾನಾ ಡಿಬೋಸ್ ಅವರಿಗೆ 2022ರಲ್ಲಿ ಅದೇ ಪಾತ್ರಕ್ಕಾಗಿ ಅದೇ ಆಸ್ಕರ್ ಬಂತು. ಪೋರ್ಟೊ ರಿಕೊ ಮೂಲದ ತಂದೆಯ ಮಗಳಾದ ಅವರು ಕಪ್ಪು ಲ್ಯಾಟಿನ್ ಪರಂಪರೆಗೆ ಸೇರಿದವರು. ಬಣ್ಣ ಬಳಿಯಬೇಕಾಗಲಿಲ್ಲ.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದುಕೊಂಡದ್ದು ಒಂದು ಸಣ್ಣ ತೀರ್ಮಾನ. ಆ ಚಿತ್ರದಲ್ಲಿ ಪೋರ್ಟೊ ರಿಕೊದವರು ತಮ್ಮತಮ್ಮಲ್ಲಿ ಸ್ಪ್ಯಾನಿಷಿನಲ್ಲಿ ಮಾತಾಡಿಕೊಳ್ಳುತ್ತಾರೆ. ಕೆಳಗೆ ಇಂಗ್ಲಿಷ್ ಅಡಿಬರಹವಿಲ್ಲ. ಅಡಿಬರಹ ಕೊಟ್ಟರೆ ಇಂಗ್ಲಿಷಿಗೆ ಮೇಲಿನ ಸ್ಥಾನ ಕೊಟ್ಟಂತಾಗುತ್ತದೆ ಎಂಬುದು ನಿರ್ದೇಶಕರ ವಿವರಣೆಯಾಗಿತ್ತು. ಅರ್ಥವಾಗದ ಪ್ರೇಕ್ಷಕ ಪಾತ್ರಗಳ ಮುಖ ನೋಡಿ ತಿಳಿಯಲಿ, ಪಕ್ಕದವರನ್ನು ಕೇಳಲಿ, ಇಲ್ಲವೇ ಆ ಭಾಷೆಯನ್ನು ಕಲಿಯಲಿ. ಅಣಕಾಗಿ ಮಾತ್ರ ತೆರೆಗೆ ಬರಬಹುದಾಗಿದ್ದ ನುಡಿ ಅರವತ್ತು ವರ್ಷಗಳಲ್ಲಿ ಅನುವಾದದ ಅಪ್ಪಣೆ ಕೇಳದೆ ನಿಲ್ಲುವಂತಾಯಿತು. ಇದು ತನ್ನಷ್ಟಕ್ಕೆ ಆದದ್ದಲ್ಲ. ಒಲ್ಲೆ ಎಂದವರು, ಕಾದವರು, ಮಕ್ಕಳಿಗೆ ಅಕ್ಷರ ಕಲಿಸಿದವರು, ತಮ್ಮನ್ನೇ ನಗುತ್ತ ಯಜಮಾನನ ನಗುವನ್ನು ಕಸಿದುಕೊಂಡವರು ನಡುವೆ ಇದ್ದರು.

ನಾವು ಲೋಕಲ್ ರೈಲಿನಲ್ಲಿ ಕನ್ನಡ ಮಾತಾಡುವಾಗ ದನಿ ತಗ್ಗಿಸುತ್ತೇವೆ. ನೆರೆಯವರು ಬಂದೊಡನೆ ಮಕ್ಕಳೊಂದಿಗಿನ ಮಾತನ್ನು ಹಿಂದಿಗೋ ಇಂಗ್ಲಿಷಿಗೋ ತಿರುಗಿಸುತ್ತೇವೆ. ಅದನ್ನು ಸೌಜನ್ಯವೆಂದು ಕರೆಯುತ್ತೇವೆ. ನೆಲೆಸಿದ ನೆಲದ ಭಾಷೆಯನ್ನು ಕಲಿಯಲೇಬೇಕು, ಗೌರವಿಸಲೇಬೇಕು. ಅದರಲ್ಲಿ ಎರಡು ಮಾತಿಲ್ಲ, ಮರಾಠಿ ಬಾರದ ಮುಂಬಯಿ ಕನ್ನಡಿಗನನ್ನು ನಾನು ಸಮರ್ಥಿಸಲಾರೆ. ಆದರೆ ಕಲಿತ ಮೇಲೂ ನಮ್ಮ ನುಡಿಗೆ ಸದಾ ಅಡಿಬರಹ ಬರೆಯುತ್ತ ಹೋಗುವುದು ಬೇರೆ. ಹಾಗೆ ಬೆಳೆದ ಮಗು ಮನೆಯ ಮಾತನ್ನು ತಪ್ಪಿತಸ್ಥನ ಮಾತೆಂದು ತಿಳಿಯುತ್ತದೆ, ಒಂದು ದಿನ ಬಿಟ್ಟುಬಿಡುತ್ತದೆ. ಆಗ ದೂರಲು ಯಾವ ಹಾಲಿವುಡ್ಡೂ ಬಾಲಿವುಡ್ಡೂ ಬೇಕಾಗುವುದಿಲ್ಲ.